ಒಲೆಯ ಪಕ್ಕದ ಮೂರು ಬಣ್ಣ

ಕಕ್ಕಡ ತಿಂಗಳ ಮಳೆ ಹಿಡಿದು ತೋಟಕ್ಕೆ ಕಾಲಿಡಲಾಗದ ದಿನಗಳಲ್ಲಿ ನನ್ನ ಉದ್ಯೋಗವೆಂದರೆ, ಒಲೆಯ ಪಕ್ಕದ ಗೋಣಿಚೀಲದ ಮೇಲೆ ಮರಿಗಳೊಡನೆ ಮಲಗಿರುವ ನಮ್ಮ ಬೆಕ್ಕಿನ ಮೈಯನ್ನು ನೋಡುತ್ತ ಕೂರುವುದು. ಕಣದಲ್ಲಿ ಒಣಗಲು ಹರವಿದ ಕಾಫಿಹಣ್ಣು ಅಲ್ಲಲ್ಲಿ ಕೆಂಪಾಗಿ ಅಲ್ಲಲ್ಲಿ ಕಪ್ಪಾಗಿ ಕಾಣುವಂತೆ ಅದರ ಬೆನ್ನು. ಹೊಟ್ಟೆ, ಪಾದ ಮಾತ್ರ ಬಿಳಿ. "ಮೂರು ಬಣ್ಣದ್ದು ಗಂಡಾಗುವುದಿಲ್ಲ" ಎಂದು ಅತ್ತೆ ಹೇಳುತ್ತಿದ್ದುದನ್ನು ನಾನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆ. ತಪ್ಪು ನನ್ನದೇ.

ಕೇಸರಿಯನ್ನು ತರುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಇರುವುದು ಒಂದೇ ಎಕ್ಸ್, ಆದ್ದರಿಂದ ಅದು ಕೇಸರಿಯಾಗಬೇಕು, ಇಲ್ಲವೇ ಕಪ್ಪಾಗಬೇಕು. ಹೆಣ್ಣಿಗೆ ಎರಡಿರುವುದರಿಂದ, ಭ್ರೂಣ ಇನ್ನೂ ಕಾಳಿನಷ್ಟೂ ಬೆಳೆಯದಿರುವಾಗಲೇ ಒಂದೊಂದು ಕೋಶವೂ ಎರಡರಲ್ಲೊಂದರ ಬಾಯಿ ಮುಚ್ಚಿಸುತ್ತದೆ. ಯಾವುದರದ್ದೆಂಬುದಕ್ಕೆ ನಿಯಮವಿಲ್ಲ, ಆದರೆ ಒಮ್ಮೆ ಆದ ತೀರ್ಮಾನವನ್ನು ಆ ಕೋಶದ ವಂಶವೆಲ್ಲ ಪಾಲಿಸುತ್ತದೆ. ಒಂದೊಂದು ಮಚ್ಚೆಯೂ ಅಂಥ ಒಂದು ವಂಶ. ಬ್ರಿಟನ್ನಿನ ಮೇರಿ ಲಯನ್ 1961ರಲ್ಲಿ ಇದನ್ನು ಸೂಚಿಸಿದ್ದು ಇಲಿಗಳ ತುಪ್ಪಳವನ್ನು ನೋಡಿ ಎಂಬುದು ಬೆಕ್ಕುಗಳಿಗೆ ತಿಳಿಯದಿರುವುದೇ ಮೇಲು. ಕೇಸರಿಯ ಜೀನ್ ಯಾವುದೆಂಬುದನ್ನು ಜಪಾನ್ ಮತ್ತು ಅಮೆರಿಕದ ತಂಡಗಳು ಪ್ರಕಟಿಸಿದ್ದಂತೂ 2025ರಲ್ಲಿ. ಎಲ್ಲೋ ಅಪರೂಪಕ್ಕೆ ಮೂರು ಬಣ್ಣದ ಗಂಡು ಹುಟ್ಟುವುದುಂಟು. ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಬಂದಿರುತ್ತದೆ, ಮರಿ ಹುಟ್ಟಿಸುವ ಶಕ್ತಿ ಹೋಗಿರುತ್ತದೆ.

ಬಿಳಿಯ ಕಥೆ ಬೇರೆ. ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹಬ್ಬಬೇಕು. ಅವು ತಲುಪದೆ ಉಳಿದ ಜಾಗವೇ ಬಿಳಿ. ದೂರದ ಪಾದಗಳಿಗೆ ಪಾಲು ತಪ್ಪುವುದು ಸಹಜವೇ.

ಪಕ್ಕದ ತೋಟದ ಹಿರಿಯರು ತಾಯಿಯ ಹಾಗೆಯೇ ಇರುವ ಮರಿ ಬೇಕೆಂದು ಕೇಳಿದ್ದರು. ಅಮೆರಿಕದ ಟೆಕ್ಸಾಸಿನಲ್ಲಿ 2001ರ ಡಿಸೆಂಬರ್‌ನಲ್ಲಿ ಮೂರು ಬಣ್ಣದ ಬೆಕ್ಕೊಂದರ ಕೋಶದಿಂದಲೇ ತದ್ರೂಪು ಮರಿಯನ್ನು ಹುಟ್ಟಿಸಿದಾಗಲೂ, ಅದರ ಮೈಯಲ್ಲಿ ಕೇಸರಿಯ ಸುಳಿವೇ ಇರಲಿಲ್ಲ ಎಂದು ನಾನು ವಿವರಿಸಿದೆ. ಅವರು ಛತ್ರಿ ಮಡಚಿಟ್ಟು ಮರಿಗಳನ್ನೆಲ್ಲ ಒಮ್ಮೆ ನೋಡಿದರು. ಎರಡು ಕೇಸರಿ ಗಂಡುಗಳು, ಕೇಸರಿ ಬೆಕ್ಕುಗಳಿಗೆ ತಪ್ಪದ ಪಟ್ಟೆಗಳೊಂದಿಗೆ; ಇನ್ನೊಂದು ಪೂರ್ತಿ ಕಪ್ಪು. ಕಪ್ಪನ್ನು ಎತ್ತಿ ಕೋಟಿನ ಜೇಬಿಗೆ ಇಳಿಸಿಕೊಂಡು, "ದೊಡ್ಡದಾದ ಮೇಲೆ ಬಣ್ಣ ಬರುತ್ತದೆ ಬಿಡಿ" ಎಂದು ಮಳೆಯಲ್ಲಿ ಹೊರಟರು.