ಮೈಕ್ರೋವೇವ್ ಓವನ್ನಿನ ಆವರ್ತನ ನೀರಿಗೆಂದೇ ಹೊಂದಿಸಿದ್ದೇ?

ಮೈಕ್ರೋವೇವ್ ಓವನ್ ನೀರಿನ ಅಣುವಿನ ಸ್ವಂತ ಆವರ್ತನಕ್ಕೇ ಹೊಂದಿಸಿದ್ದು, ಅದಕ್ಕೇ ಅಣು ಒಡೆದು ಊಟ ಕೆಡುತ್ತದೆ ಎಂಬರ್ಥದ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತಿ ಬರುತ್ತದೆ. ಶಾಲೆಯಲ್ಲಿ ಅನುನಾದದ (ಸ್ವಂತ ಆವರ್ತನಕ್ಕೆ ಸರಿಹೊಂದುವ ಅಲೆ ಬಂದಾಗ ವಸ್ತು ಜೋರಾಗಿ ಕಂಪಿಸುವುದರ) ಪಾಠ ಕೇಳಿದವರಿಗೆ ಇದು ನಿಜವೆನಿಸುವುದು ಸಹಜ. ಆದರೆ ಎರಡು ಮಾತೂ ತಪ್ಪು.

ಮನೆಯ ಓವನ್ ನಡೆಯುವುದು 2.45 ಗಿಗಾಹರ್ಟ್ಸ್‌ನಲ್ಲಿ. ರೇಡಿಯೊ ಸಂಪರ್ಕಕ್ಕೆ ತೊಂದರೆಯಾಗದಂತೆ ಇಂಥ ಉಪಕರಣಗಳಿಗೆ ಬಿಟ್ಟುಕೊಟ್ಟ ಜಾಗ ಅದು. ದ್ರವ ನೀರಿಗೆ ಅಲ್ಲಿ ಅನುನಾದವೇ ಇಲ್ಲ; ಅದರ ಹೀರಿಕೆಯ ಗುಣ ಗರಿಷ್ಠವಾಗುವುದು, ಕೋಣೆಯ ಉಷ್ಣತೆಯಲ್ಲಿ, ಸುಮಾರು 20 ಗಿಗಾಹರ್ಟ್ಸ್ ಹತ್ತಿರ. ಅಲ್ಲಿಗೆ ಹೊಂದಿಸಿದ್ದರೆ ಅನ್ನದ ಮೇಲ್ಪದರವಷ್ಟೇ ಬಿಸಿಯಾಗುತ್ತಿತ್ತು. ಅಮೆರಿಕದ ಕಾರ್ಖಾನೆಗಳು ಹೆಪ್ಪುಗಟ್ಟಿದ ಮಾಂಸದ ದೊಡ್ಡ ಗಡ್ಡೆ ಕರಗಿಸಲು ಇನ್ನೂ ಕೆಳಗಿನ 915 ಮೆಗಾಹರ್ಟ್ಸ್ ಬಳಸುತ್ತವೆ, ಅದು ಆಳಕ್ಕಿಳಿಯುತ್ತದೆಂದು. ಅಣು ಒಡೆಯಲು ಬೇಕಾದ ಶಕ್ತಿಗೆ ಹೋಲಿಸಿದರೆ ಈ ಅಲೆಯ ಒಂದೊಂದು ಕಣದ ಶಕ್ತಿ ಲಕ್ಷಾಂತರ ಪಟ್ಟು ಕಡಿಮೆ.

ಆವರ್ತನ ಬದಲಿಸುವ ಓವನ್‌ಗಳೂ ಉದ್ಯಮದಲ್ಲಿವೆ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಟು ಗಟ್ಟಿಮಾಡುವಾಗ ಅವು ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಸಾವಿರಾರು ಆವರ್ತನಗಳನ್ನು ಸವರಿಕೊಂಡು ಹೋಗುತ್ತವೆ. ಒಂದೊಂದು ವಸ್ತುವಿನ ‘ಕೀಲಿ’ ಹುಡುಕಲೆಂದಲ್ಲ. ಶಾಖ ಒಂದೇ ಕಡೆ ನಿಲ್ಲದಿರಲಿ, ಲೋಹದಿಂದ ಕಿಡಿ ಹಾರದಿರಲಿ ಎಂದು. ಅಂಟು ಹೆಚ್ಚು ಹೀರುತ್ತದೆ, ಸುತ್ತಲಿನದು ಕಡಿಮೆ. ಯಾವುದು ಬಿಸಿಯಾಗಬೇಕೆಂಬ ಆಯ್ಕೆ ಬಹುಪಾಲು ವಸ್ತುವಿನ ಗುಣದಲ್ಲೇ ಇದೆ.

ನೀವೇ ನೋಡಬಹುದು. ಫ್ರೀಜರ್‌ನಿಂದ ಆಗಷ್ಟೇ ತೆಗೆದ, ಮೇಲೆ ನೀರಿನ ಪಸೆಯಿಲ್ಲದ ಐಸ್‌ ತುಂಡುಗಳು ಒಂದು ಬಟ್ಟಲಲ್ಲಿ, ಅಷ್ಟೇ ನೀರು ಇನ್ನೊಂದರಲ್ಲಿ. ಒಟ್ಟಿಗೆ ಅರ್ಧ ನಿಮಿಷ. ಅಣು ಒಂದೇ, ಆದರೂ ನೀರು ಬಿಸಿ, ಐಸ್ ಹೆಚ್ಚುಕಡಿಮೆ ಹಾಗೇ. ಓವನ್ ಹಿಂದಿನ ಚೀಟಿಯಲ್ಲಿ ಆವರ್ತನ ಅಚ್ಚಾಗಿರುತ್ತದೆ. ಸಂದೇಶ ಬಂದಾಗ ಅದರಲ್ಲಿ ಅಂಕಿ ಇದೆಯೇ ನೋಡಿ. ಇದ್ದರೆ ಚೀಟಿಯ ಅಂಕಿಗೆ ಹೋಲಿಸಿ.