ಕ್ರೆಡಿಟ್ ಬಂತು, ಆಯ್ಕೆ ಬರಲಿಲ್ಲ

ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ 2015ರಲ್ಲಿ ಸಿಬಿಸಿಎಸ್, ಅಂದರೆ ವಿದ್ಯಾರ್ಥಿಯೇ ವಿಷಯ ಆರಿಸಿಕೊಂಡು ಕ್ರೆಡಿಟ್ ಕೂಡಿಸುವ ಪದ್ಧತಿ, ತಂದ ಮೇಲೆ ನಮ್ಮ ಕಡೆಯ ಕಾಲೇಜುಗಳಲ್ಲೂ ಓದಿನ ಹೊರೆ ಅಳೆಯುವ ಈ ಕ್ರೆಡಿಟ್ಟಿನದೇ ಮಾತು. ಕರ್ನಾಟಕದ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಿನಲ್ಲಿ ಬಿ.ಇ. ಮುಗಿಸಲು 160 ಕ್ರೆಡಿಟ್ ಬೇಕು. ನಾನಿರುವ ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120. ಅಂಕಿ ನೋಡಿ ಎರಡೂ ಒಂದೇ ಪದ್ಧತಿ ಅಂದುಕೊಂಡರೆ ಮೋಸ ಹೋದಂತೆ.

ಅಕ್ಕನ ಮಗ ಊರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. "ಮಾವ, ಈ ಸೆಮ್‌ಗೆ ಎಲೆಕ್ಟಿವ್ ಆರಿಸ್ಕೋಬೇಕು, ಯಾವುದು ತಗೊಳ್ಲಿ?" ಅಂತ ಫೋನ್ ಮಾಡಿದ. ಪಟ್ಟಿಯಲ್ಲಿ ನಾಲ್ಕು ವಿಷಯ ಇದ್ದವು. ಇಬ್ಬರೂ ಕೂತು ಯೋಚನೆ ಮಾಡಿದೆವು. ಆಮೇಲೆ ಏನಾಯ್ತು ಅಂತ ಕೇಳಿದರೆ, "ಡಿಪಾರ್ಟ್‌ಮೆಂಟಲ್ಲಿ ಒಂದೇ ನಡೆಸ್ತಾರಂತೆ ಮಾವ, ಇಡೀ ಕ್ಲಾಸು ಅದನ್ನೇ ಬರೆದುಕೊಟ್ವಿ" ಅಂದ. ಇದಕ್ಕೆ ಆಯ್ಕೆ ಅಂತ ಸುಮ್ನೆ ಹೆಸರು ಅಷ್ಟೇ.

ಇಲ್ಲಿ ನನ್ನ ಮಗಳ ಕಾಲೇಜಿನಲ್ಲಿ ಟೈಮ್‌ಟೇಬಲ್ ಕೈಗೆ ಕೊಡುವವರೇ ಇಲ್ಲ. ತಾನೇ ಕಟ್ಟಿಕೊಳ್ಳಬೇಕು. ರಿಜಿಸ್ಟ್ರೇಷನ್ ತೆರೆಯುವ ಹೊತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾಳೆ, ನಮ್ಮಲ್ಲಿ ತತ್ಕಾಲ್ ಟಿಕೆಟ್‌ಗೆ ಕೂರುವ ಹಾಗೆ. ಬೇಕಾದ ಕೋರ್ಸು ತುಂಬಿಹೋದರೆ ವೇಯ್ಟ್‌ಲಿಸ್ಟ್. ಸೆಮಿಸ್ಟರಿನ ಮೊದಮೊದಲ ದಿನಗಳಲ್ಲಿ ಒಂದು ಕೋರ್ಸು ಒಗ್ಗಲಿಲ್ಲ ಅಂದರೆ ಬಿಡಬಹುದು, ದಾಖಲೆಯಲ್ಲಿ ಗುರುತೂ ಉಳಿಯುವುದಿಲ್ಲ. ಆ ಗಡುವು ದಾಟಿ ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಅಂತ ಬರುತ್ತದೆ, ವಿತ್‌ಡ್ರಾ ಅಂದರೆ ಬಿಟ್ಟಿದ್ದಾನೆ ಅಂತ. ಫೇಲ್ ಅಲ್ಲ, ಗ್ರೇಡುಗಳ ಸರಾಸರಿಯಾದ ಜಿಪಿಎಗೂ ಪೆಟ್ಟಿಲ್ಲ.

ಹಾಗಂತ ಇಲ್ಲಿ ಎಲ್ಲ ಸಲೀಸು ಅಂತಲ್ಲ. ಸೆಮಿಸ್ಟರಿಗೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿ ಅನ್ನುವ ಲೆಕ್ಕ ತಪ್ಪುತ್ತದೆ. ಸ್ಕಾಲರ್‌ಶಿಪ್ಪಿಗೆ ಕುತ್ತು ಬರಬಹುದು. ವೀಸಾದಲ್ಲಿ ಬಂದ ಹುಡುಗರಾದರೆ ಕಾಲೇಜಿನ ಒಪ್ಪಿಗೆ ಕೇಳದೆ ಅಷ್ಟು ಕೆಳಗೆ ಇಳಿಯುವಂತೆಯೇ ಇಲ್ಲ. 120 ಕೂಡಿಸಿದವರಿಗೆಲ್ಲ ಪದವಿ ಸಿಗುವುದೂ ಇಲ್ಲ. ಕಂಪ್ಯೂಟರ್ ಓದುವವರೂ ಇತಿಹಾಸವನ್ನೋ ಸಂಗೀತವನ್ನೋ ಸ್ವಲ್ಪ ಓದಿರಬೇಕು, ಮೇಲಿನ ಹಂತದ ಕೋರ್ಸುಗಳು ಇಷ್ಟು ಅಂತ ಇರಬೇಕು. ಕಾಲೇಜು ಬದಲಿಸಿದರೆ ಹಳೆಯ ಕ್ರೆಡಿಟ್ಟಿನಲ್ಲಿ ಎಷ್ಟನ್ನು ಒಪ್ಪಬೇಕು ಅನ್ನುವುದು ಹೊಸ ಕಾಲೇಜಿನ ಮರ್ಜಿ.

ಈ ಲೆಕ್ಕ ಹುಟ್ಟಿದ ಕಥೆಯೇ ತಮಾಷೆ. ಕಳೆದ ಶತಮಾನದ ಶುರುವಿನಲ್ಲಿ ಕಾರ್ನೆಗಿ ಪ್ರತಿಷ್ಠಾನ ಪ್ರೊಫೆಸರುಗಳಿಗೆ ಪಿಂಚಣಿ ಕೊಡಲು ಹೊರಟಿತು. ಪಿಂಚಣಿ ಬೇಕಾದ ಕಾಲೇಜು, ಹೈಸ್ಕೂಲಿನ ಓದನ್ನು ಗಂಟೆಗಳಲ್ಲಿ ಅಳೆದು ಸೀಟು ಕೊಡಬೇಕಿತ್ತು. ಆ ಅಳತೆಯೇ ಆಮೇಲೆ ಕಾಲೇಜಿನ ಒಳಕ್ಕೂ ಬಂತು.

ಇಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಜೊತೆಗೆ ಕಡಿಮೆ ಅಂದರೂ ಎರಡು ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ. ಅದಕ್ಕೇ ಸೆಮಿಸ್ಟರಿಗೆ 15 ಕ್ರೆಡಿಟ್ ಸಾಕು ಅನ್ನುತ್ತಾರೆ, ವಾರಕ್ಕೆ 45 ಗಂಟೆ ಆಯಿತಲ್ಲ. ವಿಟಿಯುವಿನ 160ನ್ನು ಎಂಟು ಸೆಮಿಸ್ಟರಿಗೆ ಹಂಚಿದರೆ ತಲಾ 20. ಇದೇ ಲೆಕ್ಕ ಹಿಡಿದರೆ ವಾರಕ್ಕೆ 60 ಗಂಟೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕ್ಲಾಸಿನಲ್ಲೋ ಲ್ಯಾಬಿನಲ್ಲೋ ಕೂತ ಹುಡುಗ ಉಳಿದದ್ದನ್ನು ಯಾವಾಗ ಓದಬೇಕು? ಅದಕ್ಕೇ ಪರೀಕ್ಷೆ ಹಿಂದಿನ ವಾರ ಪಾಸಾಗಲು ಬೇಕಾದಷ್ಟೇ ಪ್ರಶ್ನೆಗಳ 'ಪಾಸಿಂಗ್ ಪ್ಯಾಕೇಜ್' ಹುಡುಕುತ್ತಾನೆ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಡಿಗ್ರಿ ಕಾಲೇಜಿನವರ ಪಾಡು ಬೇರೆ. ಕರ್ನಾಟಕದಲ್ಲಿ 2021ರಲ್ಲಿ ದೇಶಕ್ಕೇ ಮೊದಲು ಅಂತ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ತಂದು ನಾಲ್ಕು ವರ್ಷದ ಆನರ್ಸ್ ಅಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ನಡುವೆ ಸಿಕ್ಕ ಬ್ಯಾಚುಗಳು ತಮ್ಮ ಸಿಲೆಬಸ್ ಯಾವುದು ಅಂತ ಹುಡುಕಿಕೊಂಡು ಓದಿದ್ದಾರೆ.

ಆದರೆ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಜಾಸ್ತಿ ಕರುಣೆಯದು. ನಮ್ಮಲ್ಲಿ ಕಾಲೇಜೇ ನಡೆಸುವ ಇಂಟರ್ನಲ್ಸ್ ಸರಿಯಿದ್ದು ಫೈನಲ್‌ನಲ್ಲಿ ಫೇಲಾದರೆ ಪರೀಕ್ಷೆ ಶುಲ್ಕ ಕಟ್ಟಿ ಆ ಒಂದು ಪೇಪರ್ ಮತ್ತೆ ಬರೆಯಬಹುದು. ಇಲ್ಲಿ ಫೇಲಾದರೆ ಸಾಮಾನ್ಯವಾಗಿ ಇಡೀ ಕೋರ್ಸಿಗೆ ಮತ್ತೆ ಫೀಸ್ ಕಟ್ಟಿ ಮೊದಲಿಂದ ಕೂರಬೇಕು. ಡಾಲರಿನಲ್ಲಿ ಕಟ್ಟುವ ಅಪ್ಪ ಅಮ್ಮಂದಿರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಹಾಗಾಗಿ ಈ ಮರುಪರೀಕ್ಷೆಯನ್ನು, ಅಂದರೆ ಸಪ್ಲಿಮೆಂಟರಿಯನ್ನು, ತೆಗೆದುಹಾಕಿ ಅಂತ ನಾನು ಯಾವತ್ತೂ ಹೇಳಲಾರೆ.

ನಾನು ಇಲ್ಲಿಂದ ತರಿಸಿಕೊಳ್ಳಿ ಅನ್ನುವುದು 'ಡಬ್ಲ್ಯೂ' ಒಂದನ್ನೇ. ಮೂರು ನಾಲ್ಕು ಎಲೆಕ್ಟಿವ್ ನಡೆಸಲು ಸಣ್ಣ ಕಾಲೇಜುಗಳಲ್ಲಿ ಲೆಕ್ಚರರ್‌ಗಳಿಲ್ಲ, ಒಪ್ಪುತ್ತೇನೆ. ಆದರೆ ಮೊದಲ ಇಂಟರ್ನಲ್ಸ್ ಆದ ಮೇಲೆ, "ಈ ವಿಷಯ ಈ ಸಲ ಆಗಲ್ಲ, ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂರ್ತೀನಿ" ಅಂತ ಹುಡುಗ ಬರೆದುಕೊಟ್ಟರೆ, ಅದನ್ನು ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯಗಳ ಲೆಕ್ಕಕ್ಕೆ ಸೇರಿಸದೆ ಇರುವುದಕ್ಕೆ ಏನು ತೊಂದರೆ? ಆ ಪಾಠ ಹೇಗೂ ಜೂನಿಯರ್‌ಗಳಿಗೆ ನಡೆದೇ ನಡೆಯುತ್ತದೆ. ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಕೂರುತ್ತಾನೆ, ಅಷ್ಟೇ ಅಲ್ವಾ?