ಪೊದೆಯೊಳಗಿನ ಮಹಾರಾಯ

ಶ್ರೀಲಂಕಾಕ್ಕೆ ಹೋದವರು ಸಮುದ್ರ ನೋಡುತ್ತಾರೆ, ಕ್ಯಾಂಡಿಯ ದೇವಸ್ಥಾನ ನೋಡುತ್ತಾರೆ. ನನ್ನ ಭಾವಮೈದುನನಿಗೆ ಮಾತ್ರ ಶ್ರೀಲಂಕಾದ ಪೊದೆ ಉಲಿಯಕ್ಕಿಯೇ ಬೇಕು. ಆ ದ್ವೀಪದ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ. ಎಷ್ಟು ಚಂದವಿರಬಹುದೋ ಎಂದು ಪುಸ್ತಕದಲ್ಲಿ ನೋಡಿದೆವು. ಕಂದು ಬೆನ್ನು, ಬೂದು ಹೊಟ್ಟೆ. ಅಷ್ಟೇ. "ಇದಕ್ಕೆ ವೀಸಾ ಬೇರೆ ಮಾಡಿಸಿದ್ವಾ?" ಎಂದಳು ನನ್ನ ಹೆಂಡತಿ.

ನುವಾರ ಎಲಿಯದಿಂದ ಕತ್ತಲಲ್ಲೇ ಹೊರಟು ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ ತಲುಪಿದೆವು. 2,100 ಮೀಟರ್ ಎತ್ತರ, ಹಲ್ಲು ಕಟಕಟ ಎನ್ನುವ ಚಳಿ. ನಡಿಗೆ ಶುರುವಾಗುವಲ್ಲಿ ಚೀಲದ ತಪಾಸಣೆ. ಪ್ಲಾಸ್ಟಿಕ್ ಕವರ್ ಒಳಗೆ ಬಿಡುವುದಿಲ್ಲ, ನೀರಿನ ಬಾಟಲಿಯ ಲೇಬಲ್ ಕೂಡ ಕಿತ್ತರು. ಅಲ್ಲಿನ ಕಡವೆಗಳು ಪ್ಲಾಸ್ಟಿಕ್ ನುಂಗಿ ಸತ್ತಿದ್ದೂ ಇದೆ. ನಮ್ಮ ಕಾಡುಗಳಲ್ಲೂ ಹೀಗೇ ಮಾಡಬೇಕು ಬಿಡಿ. ಆದರೆ ನಮ್ಮತ್ತೆ ಮೂರು ಪದರ ಕವರಿನಲ್ಲಿ ಕಟ್ಟಿಕೊಟ್ಟಿದ್ದ ಕೋಡುಬಳೆ ಹಳೇ ಪೇಪರಿಗೆ ಬಂತು. ಇಂಗಿನ ವಾಸನೆಗೆ ದೊಡ್ಡ ಕಡವೆಯೊಂದು ನನ್ನ ಬೆನ್ನು ಹತ್ತಿತು. ಹುಶ್ ಎಂದೆ, ಹಚಾ ಎಂದೆ. ಪಾಪ, ಅದಕ್ಕೆ ಕನ್ನಡ ಬರಲ್ಲ.

ಹಕ್ಕಿ ಎಂದಮೇಲೆ ಹಾರಬೇಕು ತಾನೇ? ಈ ಮಹಾರಾಯ ಕುರುಚಲು ಪೊದೆಯ ಬುಡದಲ್ಲಿ ಹುಳ ಹುಡುಕುತ್ತಾ ಸರಿದಾಡುತ್ತಾನೆ. ಬಲಗಡೆಯಿಂದ ಒಂದು 'ಕ್ವಿಕ್', ಎಡಗಡೆಯಿಂದ ಇನ್ನೊಂದು. ಗಂಡ ಹೆಂಡತಿ ನಮ್ಮ ತಲೆ ಮೇಲೇ ಮಾತಾಡಿಕೊಂಡಂತಿತ್ತು, ಮುಖ ಮಾತ್ರ ತೋರಿಸರು. 1851ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ ಎಡ್ವರ್ಡ್ ಬ್ಲೈತ್ ಆಗ ಕಲ್ಕತ್ತಾದ ಮ್ಯೂಸಿಯಂನಲ್ಲಿ ಕೆಲಸಕ್ಕಿದ್ದ. ಸತ್ತ ಹಕ್ಕಿಗಳನ್ನು ಮೇಜಿನ ಮೇಲಿಟ್ಟು ನೋಡುವ ಕೆಲಸ. ಜಾಣ!

ಹಳದಿ ಕಿವಿಯ ಪಿಕಳಾರವೊಂದು ಎದುರಿನ ಕೊಂಬೆಯಲ್ಲಿ ಪುಕ್ಕಟೆ ಪೋಸು ಕೊಡುತ್ತಿತ್ತು. ಅದೂ ಶ್ರೀಲಂಕಾದಲ್ಲಿ ಮಾತ್ರ ಇರುವ ಹಕ್ಕಿಯೇ. ನಮ್ಮ ಭಾವಮೈದುನ ಕಣ್ಣೆತ್ತಿ ನೋಡಲಿಲ್ಲ. ಜನ ವರ್ಲ್ಡ್ಸ್ ಎಂಡ್ ಪ್ರಪಾತದತ್ತ ಓಡುತ್ತಿದ್ದರು. ಸುಮಾರು 870 ಮೀಟರ್ ಆಳ. ಒಂಬತ್ತು ಹತ್ತು ಗಂಟೆಗೆಲ್ಲ ಮಂಜು ಮುಚ್ಚುತ್ತೆ. ಹೆಂಡತಿ ಗಡಿಯಾರ ತೋರಿಸಿದಳು, ಆಮೇಲೆ ನನ್ನನ್ನು ದುರುಗುಟ್ಟಿದಳು. ನನ್ನದೇನು ಹಕ್ಕಿಯೇ?

ಆಗ ಬಂತು ನೋಡಿ. ನಮ್ಮ ಬೂಟಿನ ಪಕ್ಕಕ್ಕೇ! ಕೆಂಪು ಕಣ್ಣು, ಅಂದರೆ ಗಂಡು. ಭಾವಮೈದುನನ ದುಬಾರಿ ಲೆನ್ಸಿಗೆ ಹತ್ತಡಿ ಒಳಗಿನದು ಕಾಣುವುದಿಲ್ಲ. "ಭಾವ, ಹಿಂದೆ ಸರೀರಿ, ಹಿಂದೆ!" ಎಂದು ಪಿಸುಗುಟ್ಟುತ್ತಾ ತಾನೂ ಸರಿದ. ಹಿಂದೆ ಕೆಸರುಗುಂಡಿ. ನಾನು ಮೊದಲು ಕೂತೆ, ಅವನು ನನ್ನ ಮೇಲೆ ಕೂತ. ಕ್ಯಾಮೆರಾ ಮಾತ್ರ ಆಕಾಶಕ್ಕೆ ಎತ್ತಿ ಹಿಡಿದಿದ್ದ. ಬೀಳುವಾಗ ಒಂದು ಸಲ ಒತ್ತಿದ್ದನಂತೆ.

ವರ್ಲ್ಡ್ಸ್ ಎಂಡ್ ತಲುಪಿದಾಗ ಬರೀ ಬಿಳಿ. ಸಂಜೆ ಅವನು ಆ ಫೋಟೊ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಹುಲ್ಲಿನ ನಡುವೆ ಕಂದು ಮಸುಕು, ಹಿಂದೊಂದು ಬಾಲ. ತಕ್ಷಣ ಅತ್ತೆಯ ಉತ್ತರ ಬಂತು.

"ಇಲಿ ನೋಡೋಕೆ ಅಲ್ಲಿ ತನಕ ಹೋದ್ರೇನೋ? ಕೋಡುಬಳೆ ತಿಂದ್ರಾ?"